ಕೋಟೆಯೊಳಗೊಂದು ಊರು, ನಿಡಗಲ್ಲು

ತುಮಕೂರು ಜಿಲ್ಲೆಯ ಬೆಟ್ಟ ಅಂದ ಕೂಡಲೇ ನಮ್ಮ ಆಫೀಸಿನವರಿಗೆ ನೆನಪಾಗೋದು ಮಧುಗಿರಿಯ ಏಕಶಿಲಾ ಬೆಟ್ಟ, ಇಲ್ಲಾಂದ್ರೆ ಕೊರಟಗೆರೆಯ ಸಿದ್ಧರಬೆಟ್ಟ. ಅಲ್ಲಿಂದ ಇನ್ನೂ ಉತ್ತರಕ್ಕೆ, ಮಿಡಿಗೇಶಿ ದಾಟಿ ಪಾವಗಡ ತಾಲ್ಲೂಕಿಗೆ ಹೋಗಿ ನೋಡಿ. ಹಳೇ ಕೋಟೆಯ ಮಡಿಲಲ್ಲೇ ಜನ ಬಾಳುತ್ತಿರುವ ಬೆಟ್ಟವೊಂದಿದೆ. ಅದೇ ನಿಡಗಲ್ಲು ದುರ್ಗ.

ಎತ್ತರ ಮೂರೂವರೆ ಸಾವಿರ ಅಡಿಗೂ ಹೆಚ್ಚು. ಒಂದು ಕಾಲಕ್ಕೆ ಇದು ರಾಜಧಾನಿ. ಕರಿಕಾಲ ಚೋಳನ ವಂಶದವರು ಅಂತ ಹೇಳಿಕೊಳ್ಳುತ್ತಿದ್ದ ನಿಡುಗಲ್ ಚೋಳರು ಇಲ್ಲಿಂದ ಆಳಿದರು. ಇರುಂಗೋಳನ ಕಾಲದಲ್ಲಿ ಇಲ್ಲೊಂದು ಜಿನಾಲಯ ಕಟ್ಟಿಸಿದ್ದನ್ನು 1232ರ ಶಾಸನ ಹೇಳುತ್ತದೆ. ಇವತ್ತು ಬಾಗಿಲು, ಬುರುಜು, ಗುಡಿಗಳ ನಡುವೆ ಮೇಕೆಗಳು ಮೇಯ್ತಾ ಇರುತ್ತವೆ.

ಜಗಲಿ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದ ಅಜ್ಜಿಯೊಬ್ಬರು, "ಕೂತ್ಕಳಪ್ಪಾ, ನೀರು ಕುಡಿ" ಅಂದರು. ಮಾತಿನ ಮಧ್ಯೆ ಮೊಮ್ಮಗಳನ್ನು ತೆಲುಗಲ್ಲಿ ಕರೆದರು. ತಾಲ್ಲೂಕಿನ ಮೂರು ಕಡೆ ಆಂಧ್ರ, ಹಾಗಾಗಿ ಇಲ್ಲಿ ಎರಡೂ ಭಾಷೆ ಮನೆಮಾತೇ. ಮಗ ಬೆಂಗಳೂರಲ್ಲಿ ಡ್ರೈವರ್ ಅಂತೆ. "ಕೋಟೆ ನೋಡಕ್ಕೆ ಬತ್ತಾರೆ, ಹೋಯ್ತಾರೆ. ಊರಲ್ಲಿ ಯಾರವ್ರೆ ಅಂತ ಕೇಳೋರಿಲ್ಲ" ಅಂದರು. ಹಬ್ಬಕ್ಕೆ ಮಾತ್ರ ಊರಿಗೆ ಹೋಗುವ ನನ್ನಂಥವರಿಗೆ ಉತ್ತರ ಎಲ್ಲಿಂದ ಬರಬೇಕು?

ಊರು ಬಿಡೋದಕ್ಕೆ ಕಾರಣ ಇಲ್ಲದೇ ಇಲ್ಲ. ಪಾವಗಡ ಮಳೆ ಕಮ್ಮಿಯ ಸೀಮೆ. ಕಡಲೆಕಾಯಿ ನಂಬಿದವರಿಗೆ ಮೋಡವೇ ದೇವರು. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಕಾಟ, ಹಲ್ಲು ಮೂಳೆ ಎರಡನ್ನೂ ತಿನ್ನುತ್ತೆ. ಹಿಂದಿನವರು ಬಂಡೆಯ ದೊಣೆಗಳಲ್ಲಿ ಮಳೆನೀರು ಹಿಡಿದಿಟ್ಟಿದ್ದು ಸುಮ್ಮನೆ ಅಲ್ಲ.

ಇದೇ ತಾಲ್ಲೂಕಿನ ತಿರುಮಣಿ, ವಳ್ಳೂರು ಕಡೆ ಬಿಸಿಲೇ ಬೆಳೆ ಆಗಿದೆ. 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್. ರೈತರು ಜಮೀನು ಮಾರಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಕೊಟ್ಟಿದ್ದಾರೆ. ಆದರೆ ಸ್ವಂತ ಜಮೀನಿಲ್ಲದೆ ಕೂಲಿಗೆ ಹೋಗುತ್ತಿದ್ದವರಿಗೆ ಆ ಬಾಡಿಗೆ ಬರಲ್ಲ.

ನಿಡಗಲ್ಲಿಗೆ ಹೋಗೋದಾದ್ರೆ ಮಳೆ ಮುಗಿದ ಮೇಲೆ, ಅಕ್ಟೋಬರಿನಿಂದ ಫೆಬ್ರವರಿ ಒಳಗೆ ಹೋಗಿ. ಕುಡಿಯೋ ನೀರು ನೀವೇ ಒಯ್ಯಿರಿ, ಅಲ್ಲಿಯವರ ಕೊಡದ ನೀರಿಗೆ ಕೈಯೊಡ್ಡಬೇಡಿ. ಪ್ಲಾಸ್ಟಿಕ್ ವಾಪಸ್ ತನ್ನಿ. ಹುಣಸೆಹಣ್ಣೋ ಕಡಲೆಕಾಯೋ ಯಾರಾದ್ರೂ ಮಾರ್ತಿದ್ರೆ ಚೌಕಾಸಿ ಮಾಡದೆ ತಗೊಳ್ಳಿ. ಹಾಗೇ ಒಂದರ್ಧ ಗಂಟೆ ಜಗಲಿ ಮೇಲೆ ಕೂತು ಮಾತಾಡಿಸಿ.