ದಿನಕ್ಕೆ ಹತ್ತು ರೂಪಾಯಿ

ಚಿಂತಾಮಣಿ ತಾಲ್ಲೂಕಿನ ನಮ್ಮ ಅಂಬಾಜಿದುರ್ಗದ ಕಡೆ ರೇಷ್ಮೆ ಹುಳು ಸಾಕಿದವರಿಗೆ ಗೊತ್ತು: ಕರೆಂಟು ಹೋದ ರಾತ್ರಿ ಹುಳುವಿಗೆ ಸೊಪ್ಪು ಹಾಕುವಾಗ ಒಂದು ಕೈ ಬುಡ್ಡಿದೀಪಕ್ಕೇ ಮೀಸಲು. ಅದಕ್ಕೇ ಸೆಲ್ಕೋ ಕಂಪನಿಯ ಕಥೆ ನನಗೆ ಹತ್ತಿರ.

ಹರೀಶ್ ಹಂದೆಯವರು ನೆವಿಲ್ ವಿಲಿಯಮ್ಸ್ ಅವರೊಡನೆ 1995ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದಾಗ ಅದು ಪುಟ್ಟ ಕಂಪನಿ. ಬಡವರ ಮನೆಗೆ ಸೌರದೀಪ ಒದಗಿಸುವುದು ಕೆಲಸ. ಬೀದಿ ವ್ಯಾಪಾರಿಗಳು ಹಂದೆಯವರಿಗೊಂದು ಪಾಠ ಹೇಳಿಕೊಟ್ಟರು: ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ಆದರೆ ಸಲೀಸು. ಲೆಕ್ಕ ಒಂದೇ. ಆದರೆ ಅಂದಂದೇ ದುಡಿದು ಉಣ್ಣುವವರ ಕೈಯಲ್ಲಿ ತಿಂಗಳ ಕೊನೆಗೆ ದುಡ್ಡು ಎಲ್ಲಿರುತ್ತದೆ? ಗಳಿಕೆಗೆ ತಕ್ಕಂತೆ ಕಂತು ಹೊಂದಿಸುವುದೂ ಇಂಜಿನಿಯರನ ಕೆಲಸವಾಯಿತು. ಹೂ ಬಿಡಿಸುವವರಿಗೆ, ಸೂಲಗಿತ್ತಿಯರಿಗೆ ತಲೆಗೆ ಕಟ್ಟಿಕೊಳ್ಳುವ ದೀಪ ಬಂತು. ಎರಡೂ ಕೈ ಬಿಡುವಾದವು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಇಂಜಿನಿಯರಿಂಗ್ ಮುಗಿಸಿದ ನಮ್ಮ ಮಗಳು ಹನ್ನೆರಡೇ ಜನರಿರುವ ಕಂಪನಿಯೊಂದಕ್ಕೆ ಸೇರುತ್ತೇನೆ ಎನ್ನುತ್ತಿದ್ದಾಳೆ. ನೆಂಟರು ಸಂಬಳ ಎಷ್ಟೆಂದು ಕೇಳಿದರು. ಅದೂ ಬೇಕಾದ ಪ್ರಶ್ನೆಯೇ. ನಾನು ಕೇಳಿದ್ದು ಒಂದೇ: ‘ನೀನು ಮಾಡಿದ್ದನ್ನು ಬಳಸುವವರ ಮನೆಗೆ ಹೋಗಿ ನೋಡೋಕೆ ಅಲ್ಲಿ ಬಿಡ್ತಾರೇನಮ್ಮ?’

‘ಹೋಗಲೇಬೇಕಂತೆ ಅಪ್ಪ’ ಎಂದಳು.

ಸರಿ, ಸೇರಲಿ.