ಲಾಕ್ ಬಿಡದ ಕಾಂಟೆಸ್ಸಾ

ಗಾಣದ ಒಲೆ ತಣ್ಣಗಾಗುವ ಹೊತ್ತಿಗೆ ನಮ್ಮ ತೋಟದಲ್ಲಿ ನಾಲ್ಕೈದು ಹುಡುಗರು ಕೂಡುತ್ತಾರೆ. ಕೊಪ್ಪರಿಗೆ ಇಳಿದಿರುತ್ತದೆ, ಅಚ್ಚಿನಲ್ಲಿ ಬೆಲ್ಲ ಬಿಗಿಯುತ್ತಿರುತ್ತದೆ, ಒಲೆಯೊಳಗೆ ಕಬ್ಬಿನ ಸಿಪ್ಪೆಯ ಕೆಂಡವಷ್ಟೇ ಉಳಿದಿರುತ್ತದೆ. ಅಂಗೈ ಕಾಸುತ್ತ ಕೂತವರಲ್ಲಿ ಒಬ್ಬ ಮಾತು ತೆಗೆಯುತ್ತಾನೆ: "ಕಾಕಾ, ಹೊಳಿ ಬಂದಾಗ ಕಾಂಟೆಸ್ಸಾ ಹೆಂಗ ಹೊರಗ ಬಂತು, ಅದನ್ನ ಹೇಳ್ರಿ." ಹತ್ತು ಸಲ ಕೇಳಿದ್ದಾರೆ, ಆದರೂ ಕೇಳುತ್ತಾರೆ. ನಾನು ಮಾತ್ರ ಹೊಳೆಯಿಂದ ಶುರು ಮಾಡುವುದಿಲ್ಲ, ಡಿಫರನ್ಶಿಯಲ್‌ನಿಂದ ಶುರು ಮಾಡುತ್ತೇನೆ. ಅದು ತಿಳಿಯದಿದ್ದರೆ ಹೊಳೆಯ ಕಥೆ ತಿಳಿಯುವುದಿಲ್ಲ.

ಈಗಿನ ಹುಡುಗರಲ್ಲಿ ಬಹಳ ಮಂದಿ ಕಾಂಟೆಸ್ಸಾ ನೋಡಿಯೇ ಇಲ್ಲ. ಹಿಂದೂಸ್ತಾನ್ ಮೋಟಾರ್ಸ್‌ನವರು ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಕಾರನ್ನು ಆಧಾರ ಮಾಡಿಕೊಂಡು 1984ರಲ್ಲಿ ಹೊರತಂದ ಗಾಡಿ ಅದು. ಉದ್ದ ಮೂತಿ, ಎರಡು ಚೀಲ ಜೋಳ ಮಲಗಿಸುವಷ್ಟು ದೊಡ್ಡ ಡಿಕ್ಕಿ. ಮೊದಮೊದಲು ಅದಕ್ಕೆ ಅಂಬಾಸಡರಿನ 1.5 ಲೀಟರ್ ಎಂಜಿನ್ನನ್ನೇ ಹಾಕಿದ್ದರು. ಅಷ್ಟು ದೊಡ್ಡ ಮೈಯನ್ನು ಎಳೆಯಲು ಅದಕ್ಕೆ ಕಸುವು ಸಾಲುತ್ತಿರಲಿಲ್ಲ. ಆಮೇಲೆ ಜಪಾನಿನ ಇಸುಜು 1.8 ಲೀಟರ್ ಎಂಜಿನ್ನು, ಐದು ಗೇರು ಬಂದವು. ಹೆಸರಿನ ಮುಂದೆ ಕ್ಲಾಸಿಕ್ ಎಂದು ಸೇರಿತು. 2002ಕ್ಕೆ ಕಂಪನಿ ಕಾಂಟೆಸ್ಸಾ ಮಾಡುವುದನ್ನೇ ನಿಲ್ಲಿಸಿತು.

ನನಗೆ ಅದು ಬೇಕಾಗಿದ್ದು ಒಂದೇ ಕಾರಣಕ್ಕೆ. ಮಾರುತಿ 800 ಮುಂದಿನ ಗಾಲಿಯಿಂದ ಎಳೆಯುವ ಗಾಡಿ. ಕಾಂಟೆಸ್ಸಾ ಹಿಂದಿನ ಗಾಲಿಯಿಂದ ನೂಕುವ ಗಾಡಿ. ಡ್ರಿಫ್ಟ್ ಅಂದರೆ ತಿರುವಿನಲ್ಲಿ ಹಿಂದಿನ ಗಾಲಿಗಳನ್ನು ಬೇಕೆಂದೇ ಜಾರಿಸಿ, ಸ್ಟೇರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿ, ಆ ಜಾರಿಕೆಯನ್ನು ಆ್ಯಕ್ಸಿಲರೇಟರಿನಿಂದ ಹದದಲ್ಲಿಡುವುದು. ಜಪಾನಿನ ಘಾಟಿ ರಸ್ತೆಗಳಲ್ಲಿ ಬೆಳೆದ ಈ ವಿದ್ಯೆಯನ್ನು ಕೀಇಚಿ ತ್ಸುಚಿಯಾ ಎಂಬ ಚಾಲಕ ಜಗತ್ತಿಗೆಲ್ಲ ತೋರಿಸಿದ. ಅವನ ಹೆಸರಿನ ಜೊತೆ ಸೇರಿಕೊಂಡ ಟೊಯೊಟಾ ಎಇ86 ಕಾರು 1983ರದು, ಕಾಂಟೆಸ್ಸಾಗಿಂತ ಒಂದೇ ವರ್ಷ ಹಿರಿಯದು. ಅದೂ ಹಿಂದಿನ ಗಾಲಿಯಿಂದ ನೂಕುವ ಗಾಡಿಯೇ. ಮಿರಜ ಕಡೆಯ ಒಂದು ವಠಾರದಲ್ಲಿ ಹುಣಸೆ ಮರದ ಕೆಳಗೆ ಎಂಟು ವರ್ಷದಿಂದ ನಿಂತಿದ್ದ ಕಾಂಟೆಸ್ಸಾ ಕ್ಲಾಸಿಕ್ ಸಿಕ್ಕಾಗ ನನಗೆ ಅದಕ್ಕಿಂತ ದೊಡ್ಡದೇನೂ ಬೇಕಿರಲಿಲ್ಲ. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಹೇರಿಕೊಂಡು ನಮ್ಮೂರು ಐನಾಪುರಕ್ಕೆ ತಂದು ದನದ ಶೆಡ್ಡಿನ ಅರ್ಧದಲ್ಲಿ ನಿಲ್ಲಿಸಿದೆವು.

ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಟ್ರ್ಯಾಕ್ಟರ್ ಹೊಡೆದವರು. ಕಾರಿನ ಸುತ್ತ ಒಂದು ಸುತ್ತು ಹಾಕಿ ಒಂದೇ ಮಾತು ಹೇಳಿದರು: "ಮೊದಲ ನಿಲ್ಲೂದ ಕಲಸು ಇದಕ್ಕ. ಆಮ್ಯಾಲ ಓಡೂದ." ಹೀಗಾಗಿ ಮೊದಲ ನಾಲ್ಕು ತಿಂಗಳು ಬರೀ ಬ್ರೇಕಿನ ಕೆಲಸ. ಹಿಂದಿನ ಡ್ರಮ್ಮುಗಳು ಎಷ್ಟು ಹಿಡಿದುಕೊಂಡಿದ್ದವೆಂದರೆ, ಡೀಸೆಲ್ ಸುರಿದು ಎರಡು ದಿನ ಬಿಟ್ಟು, ಕಟ್ಟಿಗೆಯ ಕೊಡತಿಯಿಂದ ಸುತ್ತಲೂ ತಟ್ಟಿ ತಟ್ಟಿ ಬಿಡಿಸಬೇಕಾಯಿತು. ಒಳಗೆ ವೀಲ್ ಸಿಲಿಂಡರಿನ ರಬ್ಬರು ಕರಗಿ, ಬ್ರೇಕ್ ಆಯಿಲ್ ಹಳೆ ಕಾಕಂಬಿಯ ಹಾಗೆ ಕಪ್ಪಗೆ ಅಂಟಿಕೊಂಡಿತ್ತು. ತುಕ್ಕು ತಿಂದ ಪೈಪುಗಳನ್ನೆಲ್ಲ ತೆಗೆದು ಹೊಸವು ಹಾಕಿದೆವು. ಕೊನೆಗೆ ಗಾಳಿ ತೆಗೆಯುವ ಕೆಲಸ. ತಮ್ಮ ಸೀಟಿನಲ್ಲಿ, ನಾನು ಕೆಳಗೆ ಬಾಟಲಿ ಹಿಡಿದು. "ಒತ್ತು. ಹಿಡಿ. ಬಿಡು." ಗಾಜಿನ ಬಾಟಲಿಯಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ ಒಂದು ಮಧ್ಯಾಹ್ನವೆಲ್ಲ ಅದೇ ಮೂರು ಮಾತು. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾದಾಗ ಆದ ಸಂತೋಷ ಆಮೇಲೆ ಎಂಜಿನ್ ಸ್ಟಾರ್ಟ್ ಆದಾಗಲೂ ಆಗಲಿಲ್ಲ.

ಸ್ಪ್ರಿಂಗ್ ಕತ್ತರಿಸಿ ಗಾಡಿ ಗಿಡ್ಡ ಮಾಡು ಎಂದು ಗೆಳೆಯರು ಹೇಳುತ್ತಿದ್ದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಕತ್ತರಿಸಿದ ಸ್ಪ್ರಿಂಗ್ ಗುಂಡಿಯಲ್ಲಿ ಜಾಗ ಬಿಟ್ಟು ಜಿಗಿಯುತ್ತದೆ. ಎಂಜಿನ್ನನ್ನೂ ಬದಲಿಸಲಿಲ್ಲ. ರೇಡಿಯೇಟರ್ ಬಿಚ್ಚಿ ಒಳಗೆಲ್ಲ ತೊಳೆಸಿ, ಕಾರ್ಬುರೇಟರಿಗೆ ಹೊಸ ಕಿಟ್ ಹಾಕಿ, ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡಿ, ಎರಡೂ ಮುಂದಿನ ಸೀಟಿಗೆ ಗಟ್ಟಿ ಬೆಲ್ಟ್ ಕೂರಿಸಿದೆ. ಸಾಮಾನಿಗಾಗಿ ಕೊಲ್ಲಾಪುರದ ಉದ್ಯಮನಗರಕ್ಕೆ ಎಷ್ಟು ಸಲ ಹೋಗಿ ಬಂದೆನೋ ಲೆಕ್ಕವಿಲ್ಲ. ಕಂಪನಿ ನಿಲ್ಲಿಸಿದ ಗಾಡಿಯ ಬಿಡಿಭಾಗವನ್ನು ಲೇಥಿನ ಮೇಲೆ ಮಾಡಿಕೊಡುವ ಕೈಗಳು ಅಲ್ಲಿವೆ.

ಉಳಿದಿದ್ದು ಡಿಫರನ್ಶಿಯಲ್. ಕಾರು ತಿರುಗುವಾಗ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡಕ್ಕೂ ಬೇರೆ ಬೇರೆ ವೇಗ ಸಿಗುವ ಹಾಗೆ ನೋಡಿಕೊಳ್ಳುವುದೇ ಹಿಂದಿನ ಆಕ್ಸಲ್ಲಿನ ನಡುವೆ ಕೂತ ಆ ಗೇರುಗಳ ಕೆಲಸ. ಆದರೆ ಒಂದು ಗಾಲಿ ಹಿಡಿತ ತಪ್ಪಿದರೆ ಅದೊಂದೇ ಗರಗರ ತಿರುಗುತ್ತದೆ, ಇನ್ನೊಂದು ಸುಮ್ಮನೆ ನಿಲ್ಲುತ್ತದೆ. ಕಬ್ಬಿನ ಟ್ರೇಲರ್ ಎಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಸರಿನಲ್ಲಿ ಸಿಕ್ಕಾಗ ಟ್ರ್ಯಾಕ್ಟರಿನ ಡಿಫರನ್ಶಿಯಲ್ ಲಾಕ್ ಪೆಡಲ್ ತುಳಿಯುತ್ತಾರೆ, ಎರಡೂ ಗಾಲಿ ಒಂದಾಗುತ್ತವೆ, ಗಾಡಿ ಮೇಲೆ ಬರುತ್ತದೆ. ಕಾರಿನಲ್ಲಿ ಆ ಪೆಡಲ್ ಇಲ್ಲ. ಡ್ರಿಫ್ಟ್‌ಗೆ ಎರಡೂ ಗಾಲಿ ಕೂಡಿಯೇ ಜಾರಬೇಕು. ಮನೆಯಲ್ಲೇ ಗಾಡಿ ಮಾಡಿಕೊಳ್ಳುವವರು ಇದಕ್ಕೆ ಹಿಡಿಯುವ ಅಗ್ಗದ ದಾರಿ, ಒಳಗಿನ ಸ್ಟಾರ್ ಗೇರುಗಳನ್ನೇ ವೆಲ್ಡ್ ಮಾಡಿಬಿಡುವುದು.

ಊರಲ್ಲಿ ಟ್ರೇಲರ್ ಮಾಡುವ ಮಿಸ್ತ್ರಿಯ ಹತ್ತಿರ ಒಯ್ದೆ. ಗೇರಿನ ಉಕ್ಕು ಬಹಳ ಗಡಸು, ತಣ್ಣಗಿದ್ದಾಗ ವೆಲ್ಡ್ ಮಾಡಿದರೆ ಸೀಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಗ್ಯಾಸಿನ ಉರಿಯಲ್ಲಿ ಕಾಸಿ, ಬಿಸಿ ಇರುವಾಗಲೇ ರಾಡು ಹಚ್ಚಿದ. "ಈಗ ಇದನ್ನ ಗಾಳಿಗೆ ಇಡಬ್ಯಾಡ್ರಿ, ಸಾವಕಾಶ ಆರಬೇಕು" ಅಂದ. ನಮ್ಮ ಗಾಣದ ಒಲೆಯ ಬಿಸಿ ಬೂದಿಯೊಳಗೆ ಹುಗಿದೆವು. ಮರುದಿನ ಬೆಳಿಗ್ಗೆ ಬೂದಿ ಸರಿಸಿದಾಗ ಕಬ್ಬಿಣ ಇನ್ನೂ ಉಗುರುಬೆಚ್ಚಗಿತ್ತು. ಬಿರುಕು ಒಂದೂ ಇರಲಿಲ್ಲ. ದೊಡ್ಡಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುವಲು ನೋಡಿದರು. ಅದು ತಿರುಗಲಿಲ್ಲ.

"ಟ್ರ್ಯಾಕ್ಟರಿನ ಲಾಕ್ ಕೆಸರ ದಾಟಿದ ಕೂಡ್ಲೆ ಬಿಡ್ತೀವಿ. ನಿನ್ನ ಗಾಡಿ ಲಾಕ್ ಯಾವಾಗ ಬಿಡ್ತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

2019ರ ಮೇ ತಿಂಗಳು. ಕೃಷ್ಣೆ ಬತ್ತಿ ಬಂಡೆ ಕಾಣುತ್ತಿದ್ದವು, ಕೊಯ್ನಾ ಡ್ಯಾಮಿನಿಂದ ನೀರು ಬಿಡಿಸಿ ಎಂದು ಈ ಭಾಗದವರೆಲ್ಲ ಕೇಳುತ್ತಿದ್ದ ಬೇಸಿಗೆ. ನಮ್ಮದೇ ಹೊಲದಲ್ಲಿ ಕಬ್ಬಿನ ಕೂಳೆ ಕಿತ್ತು ಬೀಳು ಬಿಟ್ಟ ಎರಡು ಎಕರೆ ಇತ್ತು. ನಡುವೆ ಟ್ರ್ಯಾಕ್ಟರಿನ ಹಳೇ ಟಾಯರು ಇಟ್ಟು, ಸುತ್ತಲಿನ ಬದುವಿನ ಕಡೆಗೆ ಯಾರೂ ಬಾರದಂತೆ ತಮ್ಮನನ್ನು ನಿಲ್ಲಿಸಿ, ಕಾಂಟೆಸ್ಸಾ ಇಳಿಸಿದೆ. ಎರಡನೇ ಗೇರು, ಸ್ಟೇರಿಂಗ್ ಎಡಕ್ಕೆ, ಕ್ಲಚ್ ಒಮ್ಮೆ ಒತ್ತಿ ಬಿಟ್ಟೆ. ಹಿಂಭಾಗ ಹೊರಗೆ ಹಾರಿತು. ಸ್ಟೇರಿಂಗನ್ನು ಬಲಕ್ಕೆ ತಂದೆ. ಗಾಡಿ ಎಡಕ್ಕೆ ಸುತ್ತುತ್ತಿದೆ, ಮುಂದಿನ ಗಾಲಿ ಬಲಕ್ಕೆ ನೋಡುತ್ತಿವೆ, ಪಕ್ಕದ ಕಿಟಕಿಯಲ್ಲಿ ಆ ಟಾಯರು ಕದಲದೆ ನಿಂತಿದೆ. ಆ್ಯಕ್ಸಿಲರೇಟರ್ ಒಂದು ಕೂದಲಷ್ಟು ಬಿಟ್ಟರೆ ವೃತ್ತ ಸಣ್ಣದು, ಒತ್ತಿದರೆ ದೊಡ್ಡದು. ಧೂಳು ಗಾಜಿನ ಮೇಲೆ ಕೂತು ಏನೂ ಕಾಣದಾದಾಗ ನಿಲ್ಲಿಸಿದೆ. ಮೈಯೆಲ್ಲ ನಡುಗುತ್ತಿತ್ತು. ಭಯದಿಂದಲ್ಲ.

ಬದುವಿನ ಮೇಲೆ ಕೂತಿದ್ದ ದೊಡ್ಡಪ್ಪ ನಕ್ಕರು. "ಹಂತಿ ಹೊಡದಂಗ ಆತಲ್ಲೋ ತಮ್ಮಾ! ಮೇಟಿ ಒಂದ ಇಲ್ಲ." ಕಣದ ನಡುವಿನ ಮೇಟಿಗಂಬದ ಸುತ್ತ ಎತ್ತು ತಿರುಗಿಸಿ ತೆನೆ ತುಳಿಸುವುದೇ ಹಂತಿ. ಆಮೇಲೆ ಸುಮ್ಮನಾಗಿ ಹೇಳಿದರು: "ಹಂತ್ಯಾಗ ಮೇಟಿ ಕಡೀ ಎತ್ತು ಸಾವಕಾಶ ನಡೀತೈತಿ, ಹೊರಗಿಂದು ಬಿರಬಿರ. ಎಲ್ಲಾ ಎತ್ತಿಗೂ ಒಂದ ಹೆಜ್ಜಿ ಹಾಕ ಅಂದ್ರ ಕೊಳ್ಳ ಹಾರಿ ಹೊಕ್ಕಾವ. ಇವತ್ತ ಮಣ್ಣು ಸಡ್ಲ ಐತಿ, ನಡೀತು. ಡಾಂಬರ ಮ್ಯಾಲ ನಡ್ಯಾಂಗಿಲ್ಲ." ಎಷ್ಟೋ ಪುಸ್ತಕ ಓದಿದರೂ ಡಿಫರನ್ಶಿಯಲ್ಲಿನ ಗುಟ್ಟು ನನಗೆ ಅಷ್ಟು ಚೆನ್ನಾಗಿ ತಿಳಿದಿರಲಿಲ್ಲ.

ಅವರು ಹೇಳಿದ್ದೇ ಆಯಿತು. ಬಜಾರಿನ ಇಕ್ಕಟ್ಟಿನ ತಿರುವಿನಲ್ಲಿ ಒಳಗಿನ ಟಾಯರು ಕಿರ್ರೆಂದು ಉಜ್ಜಿ ಕುಪ್ಪಳಿಸುತ್ತಿತ್ತು. ಹೊಸ ಟಾಯರು ಒಂದು ತಿಂಗಳಲ್ಲಿ ಸವೆದವು. ಜೂನಿನ ಮೊದಲ ಮಳೆಯ ದಿನ ಉಗಾರದ ಕಡೆಯ ರಸ್ತೆಯಲ್ಲಿ ಸಾವಕಾಶವಾಗಿಯೇ ತಿರುಗಿಸಿದ್ದೆ. ಹಿಂದಿನ ಎರಡೂ ಗಾಲಿ ಸೇರಿ ಗಾಡಿಯನ್ನು ನೆಟ್ಟಗೆ ನೂಕಿದವು, ಮುಂದಿನ ಗಾಲಿ ತಿರುಗಿದ್ದರೂ ಕಾರು ತಿರುಗಲಿಲ್ಲ. ರಸ್ತೆ ಬಿಟ್ಟು ಕೆಳಗಿಳಿದು ನಿಂತಿತು. ಐವತ್ತು ಹೆಜ್ಜೆ ಆಚೆ ಕುರಿ ಹಿಂಡು, ಹಿಂಡಿನ ಮುಂದೆ ಒಬ್ಬ ಸಣ್ಣ ಹುಡುಗ. ಬ್ರೇಕ್ ಗಟ್ಟಿಯಿದ್ದವು, ಅದರಿಂದ ಉಳಿದೆವು. ಅವತ್ತೇ ಗಾಡಿ ಶೆಡ್ಡಿಗೆ ಸೇರಿಸಿದೆ. ಆ ವರ್ಷದ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಎತ್ತಿ ಹೇಳಿತ್ತು: ಕಂಪನಿ ಮಾಡಿಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವ ಹಾಗಿಲ್ಲ ಎಂದು. ಪೇಪರಿನಲ್ಲಿ ಓದಿದ್ದೆ. ಆ ಹುಡುಗನ ಮುಖ ನೋಡಿದ ಮೇಲೆ ಅದು ಮನಸ್ಸಿಗೆ ಇಳಿಯಿತು. ಜುಲೈನಲ್ಲಿ ಕೊಲ್ಲಾಪುರದ ಗುಜರಿಯಲ್ಲಿ ಕೈ ತಾಗಿಸದ ಒಂದು ಡಿಫರನ್ಶಿಯಲ್ ಸಿಕ್ಕಿತು. ತಂದು ಗೋಣಿಚೀಲದಲ್ಲಿ ಸುತ್ತಿಟ್ಟೆ, ಬದಲಿಸಲು ಬಿಡುವು ಸಿಗಲಿಲ್ಲ.

ಅಷ್ಟರಲ್ಲಿ ಆಗಸ್ಟ್ ಬಂತು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ನಿಲ್ಲಲಿಲ್ಲ. ಕೊಯ್ನಾದಿಂದ ಬಿಟ್ಟ ನೀರು, ಅದಕ್ಕೆ ಪಂಚಗಂಗೆ, ಆಮೇಲೆ ದೂಧಗಂಗೆ. ರಾಜಾಪುರ ಬ್ಯಾರೇಜಿನಲ್ಲಿ ಇವತ್ತು ಎಷ್ಟು ಕ್ಯೂಸೆಕ್ ಎಂದು ಊರವರೆಲ್ಲ ತಾಸಿಗೊಮ್ಮೆ ಕೇಳುತ್ತಿದ್ದೆವು. ಸಾಂಗ್ಲಿಯ ಆಯರ್ವಿನ್ ಪೂಲಿನ ಹತ್ತಿರ ನೀರು 57 ಅಡಿ ಮುಟ್ಟಿ 2005ರ ಮಟ್ಟವನ್ನೂ ಮೀರಿದ ವಾರ ಅದು. ನಮ್ಮ ಅಜ್ಜಿ ತೋಟದ ಮನೆ ಬಿಟ್ಟು ಬರಲು ಒಪ್ಪಲಿಲ್ಲ. "ಐದನೇ ಇಸವ್ಯಾಗ ಗ್ವಾದಲಿ ಮಟ ಬಂದು ತಿರುಗಿ ಹೋಗೇತಿ, ಈಗೂ ಅಷ್ಟ." ಮನೆಯೊಳಗಿನ ಗೋದಲಿಯ ಗೋಡೆಯ ಮೇಲೆ ಆಗಿನ ಗೆರೆ ಹಾಗೇ ಇತ್ತು. ದನಗಳನ್ನು, ಪಕ್ಕದ ತೋಟದವರ ಸಾಮಾನನ್ನು ಟ್ರೇಲರಿನಲ್ಲಿ ಹೇರಿಕೊಂಡು ದೊಡ್ಡಪ್ಪ ಊರಿಗೆ ಹೋಗಿದ್ದರು. ರಾತ್ರಿ ಎರಡಕ್ಕೆ ಬ್ಯಾಟರಿ ಹಾಕಿ ನೋಡಿದೆ. ನೀರು ಆ ಗೆರೆಯನ್ನು ಮುಟ್ಟಿತ್ತು. ಅರ್ಧ ತಾಸಿನಲ್ಲಿ ದಾಟಿತು.

ಅಜ್ಜಿಗೆ ನಡೆಯಲು ಆಗುತ್ತಿರಲಿಲ್ಲ. ಶೆಡ್ಡು ಮನೆಗಿಂತ ಸ್ವಲ್ಪ ಎತ್ತರದಲ್ಲಿತ್ತು, ಕಾರಿನ ಹೊಟ್ಟೆಗೆ ನೀರು ಇನ್ನೂ ತಾಗಿರಲಿಲ್ಲ. ಫ್ಯಾನ್ ಬೆಲ್ಟ್ ಕತ್ತರಿಸಿದೆ, ಇಲ್ಲದಿದ್ದರೆ ಫ್ಯಾನು ಎಂಜಿನ್ ಮೇಲೆ ನೀರು ಎರಚಿ ಕರೆಂಟು ಕೊಲ್ಲುತ್ತದೆ. ಡಿಸ್ಟ್ರಿಬ್ಯೂಟರಿಗೆ ಹಾಲಿನ ಪಾಕೀಟಿನ ಹಾಳೆ ಸುತ್ತಿ ದಾರ ಕಟ್ಟಿದೆ. ಹಿಂದೆ ಭಾರ ಬೀಳಲೆಂದು ತಮ್ಮ ಎರಡು ಚೀಲ ಜೋಳ ಡಿಕ್ಕಿಗೆ ಹಾಕಿದ. ಅಜ್ಜಿ ಜಗಲಿಯ ದೇವರನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು.

ಡಾಂಬರು ರಸ್ತೆಗೆ ಎರಡು ಫರ್ಲಾಂಗು ಎರಿ ಮಣ್ಣಿನ ಬಂಡಿ ಹಾದಿ. ನೆನೆದ ಎರಿಯ ಮೇಲೆ ನಿಂತರೆ ಕಾಲು ಕೀಳಲು ಬಾರದು. ಎರಡನೇ ಗೇರಿನಲ್ಲಿ ಹೊರಟೆ, ಕ್ಲಚ್ ಮುಟ್ಟಲಿಲ್ಲ, ಆ್ಯಕ್ಸಿಲರೇಟರ್ ಏರಿಸಲೂ ಇಲ್ಲ ಇಳಿಸಲೂ ಇಲ್ಲ. ಬಾವಿಯ ಹತ್ತಿರದ ತಗ್ಗಿನಲ್ಲಿ ಎಡಗಾಲಿ ಗಾಡಿಜಾಡಿಗೆ ಬಿತ್ತು. ಅದು ಹಿಡಿತವಿಲ್ಲದೆ ರಾಡಿಯೊಳಗೆ ತಿರುಗುವುದು ಸೀಟಿನಲ್ಲಿ ಕೂತವನಿಗೆ ಗೊತ್ತಾಗುತ್ತಿತ್ತು. ಮೂಲ ಡಿಫರನ್ಶಿಯಲ್ ಇದ್ದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತಿತ್ತು. ಆದರೆ ಬಲಗಾಲಿಗೆ ಹುಲ್ಲಿನ ದಂಡೆ ಸಿಕ್ಕಿತ್ತು, ಎರಡೂ ಗಾಲಿ ಒಂದೇ ಕಬ್ಬಿಣವಾಗಿದ್ದವು. ಹಿಂಭಾಗ ಪಕ್ಕಕ್ಕೆ ಜಾರಿತು. ಮೇ ತಿಂಗಳಲ್ಲಿ ಕಲಿತ ಹಾಗೆ ಕೈ ತಾನೇ ಸ್ಟೇರಿಂಗನ್ನು ಎದುರಿಗೆ ತಿರುಗಿಸಿತು. ಕಾರು ಓರೆಯಾಗಿಯೇ ತಗ್ಗು ದಾಟಿ ಮೇಲೆ ಬಂತು. "ನೆಟ್ಟಗ ಹೊಡಿಯೋ" ಎಂದು ಅಜ್ಜಿ ಬೈದಳು. ಅದೊಂದೇ ಮಾತು ಆಡಿದ್ದು.

ಡಾಂಬರು ಮುಟ್ಟಿದಾಗ ದೊಡ್ಡಪ್ಪನ ಟ್ರ್ಯಾಕ್ಟರು ನಮ್ಮನ್ನು ಹುಡುಕಿಕೊಂಡು ಎದುರು ಬರುತ್ತಿತ್ತು. ಅಜ್ಜಿಯನ್ನು ಮುಟ್ಟಿ ನೋಡಿದರು. ಆಮೇಲೆ ಬ್ಯಾಟರಿ ಹಿಡಿದು ಹಿಂದಿನ ಎರಡೂ ಗಾಲಿಯನ್ನು ನೋಡಿದರು. ಎರಡಕ್ಕೂ ಒಂದೇ ಸಮ ರಾಡಿ ಮೆತ್ತಿತ್ತು.

"ಕೆಸರ ದಾಟಿದಿ. ಈಗ ಲಾಕ್ ಬಿಡು."

ನೀರು ಇಳಿದ ಮೇಲೆ ತೋಟದ ಮನೆಯ ಒಂದು ಗೋಡೆ ಬಿದ್ದಿತ್ತು, ಶೆಡ್ಡಿನಲ್ಲಿ ಮೊಳಕಾಲುದ್ದ ರೇವೆ. ಅದರೊಳಗಿಂದ ಗೋಣಿಚೀಲದ ಗಂಟು ಹುಡುಕಿ ತೆಗೆದು, ಡಿಫರನ್ಶಿಯಲ್ ತೊಳೆದು, ಬೇರಿಂಗ್ ಬದಲಿಸಿ, ದೀಪಾವಳಿಯ ಹೊತ್ತಿಗೆ ಕಾಂಟೆಸ್ಸಾಗೆ ಕೂರಿಸಿದೆ. ಅಜ್ಜಿ ಬದುಕಿರುವವರೆಗೂ ಮಿರಜಿನ ದವಾಖಾನೆಗೆ ಅದರಲ್ಲೇ ಹೋಗಿ ಬಂದಳು, ಬಜಾರಿನ ತಿರುವಿನಲ್ಲಿ ಟಾಯರು ಒಮ್ಮೆಯೂ ಕಿರುಗುಟ್ಟಲಿಲ್ಲ.

ಒಲೆ ಮುಂದೆ ಕೂತ ಹುಡುಗರಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ಹಳೆ ಗಾಡಿ ತಂದವರು ಮೊದಲು ಬ್ರೇಕ್ ಮಾಡಿಸಿರಿ. ಡಿಫರನ್ಶಿಯಲ್ ವೆಲ್ಡ್ ಮಾಡಲೇಬೇಕೆಂದರೆ ಮುಟ್ಟದ ಇನ್ನೊಂದನ್ನು ತಂದಿಟ್ಟುಕೊಂಡು ಮಾಡಿರಿ, ನಿಮ್ಮದೇ ಬೀಳು ಹೊಲದಲ್ಲಿ ಆಡಿರಿ, ಡಾಂಬರಿಗೆ ತರುವ ಮುಂಚೆ ಬದಲಿಸಿರಿ. ಒಂದು ದಿನದ ಕೆಲಸ ಅದು.