ಐದು ಊರು, ಒಂದು ತಂಡ

ಬಸವ ಜಯಂತಿಯ ಹಿಂದು ಮುಂದಿನ ದಿನಗಳಲ್ಲಿ ಉಪನ್ಯಾಸದ ನಿಮಿತ್ತ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳನ್ನು ಸುತ್ತುವುದು ನಮ್ಮ ಹಳೆಯ ರೂಢಿ. 2024ರ ತಿರುಗಾಟದಲ್ಲಿ ನಮ್ಮ ಕೈಚೀಲದೊಳಗೆ ಟಿಪ್ಪಣಿಗಳ ಜೊತೆಗೆ ಇನ್ನೊಂದು ಕಾಗದವೂ ಇತ್ತು. ಅದು ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ ಪಂದ್ಯಗಳ ಪಟ್ಟಿ. ಮಠದ ಅನ್ನ ಉಂಡು ಸಂಸ್ಕೃತ ಕಲಿತವರಿಗೆ ಇದೆಂಥ ಗೀಳು ಎಂದು ಓದುಗರು ಹುಬ್ಬೇರಿಸಬಹುದು. 1974ರಲ್ಲಿ ಕರ್ನಾಟಕವು ಮೊದಲ ಸಲ ರಣಜಿ ಟ್ರೋಫಿ ಗೆದ್ದಾಗ ನಾವು ಪಾಠಶಾಲೆಯ ವಿದ್ಯಾರ್ಥಿ. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಎಂಬ ಹೆಸರುಗಳು ಅಮರಕೋಶದೊಂದಿಗೇ ನಮಗೆ ಬಾಯಿಪಾಠವಾದವು. ಅಂದು ಹತ್ತಿದ್ದು ಇಂದಿಗೂ ಬಿಟ್ಟಿಲ್ಲ.

ಈ ತಂಡದ ಜಾತಕವೇ ವಿಚಿತ್ರ. 2008ರ ಏಪ್ರಿಲ್ 18ರಂದು ಆಡಿದ ಮೊಟ್ಟಮೊದಲ ಪಂದ್ಯದಲ್ಲಿಯೇ 82 ರನ್ನುಗಳಿಗೆ ಕುಸಿದು 140 ರನ್ನುಗಳಿಂದ ಸೋತಿತು. ಬಳಿಕ ಮೂರು ಸಲ ಅಂತಿಮ ಪಂದ್ಯಕ್ಕೆ ಬಂದು ಮೂರೂ ಸಲ ಬರಿಗೈಯಲ್ಲಿ ಮರಳಿತು. ಅವುಗಳಲ್ಲಿ ಎರಡು ಸೋಲು ಹೈದರಾಬಾದಿನ ತಂಡಗಳ ಕೈಯಲ್ಲಿ: 2009ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ 6 ರನ್ನು, 2016ರಲ್ಲಿ ಬೆಂಗಳೂರಿನ ಸ್ವಂತ ಅಂಗಳದಲ್ಲಿಯೇ 8 ರನ್ನು. ಮೈಸೂರಿನವರಿಗೆ ಇದು ಬರಿಯ ಅಂಕಿ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದು, ಇಂದಿಗೂ ಕಾಯಿಲೆ ಬಿದ್ದರೆ ಅತ್ತಲೇ ರೈಲು ಹತ್ತುವ ನಮ್ಮ ಸೀಮೆಯವರಿಗೆ ಮಾತ್ರ ಆ ಎರಡು ಸೋಲುಗಳು ಮನೆಯೊಳಗಿನ ಜಗಳವಿದ್ದಂತೆ.

ಏಪ್ರಿಲ್ 15ರ ರಾತ್ರಿ ನಾವು ಸೇಡಮ್ಮಿನಲ್ಲಿದ್ದೆವು. ಖಾನಾವಳಿಯ ಟಿ.ವಿ.ಯಲ್ಲಿ ಹೈದರಾಬಾದಿನವರು 3 ವಿಕೆಟ್ಟಿಗೆ 287 ರನ್ನು ಬಾರಿಸಿದರು. ಐಪಿಎಲ್‌ನಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ರನ್ನು ಗಳಿಸಿರಲಿಲ್ಲ. ನಮ್ಮವರೂ 262 ಹೊಡೆದು 25 ರನ್ನುಗಳಿಂದ ಸೋತರು. ಅದು ಸತತ ಐದನೆಯ ಸೋಲು. ಮರುದಿನ ಬೆಳಗ್ಗೆ ಮಳಖೇಡಕ್ಕೆ ಹೋದೆವು. ರಾಷ್ಟ್ರಕೂಟರ ಮಾನ್ಯಖೇಟವಿದೇ. ಕಾಗಿಣಾ ನದಿಯ ದಂಡೆಯ ಕೋಟೆಯೊಳಗೆ ಆಡುಗಳು ಮೇಯುತ್ತಿದ್ದವು. ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ. ಗೋಡೆಯ ನೆರಳಿನಲ್ಲಿ ಕುಳಿತು ಸಾಮ್ರಾಜ್ಯಗಳ ಏಳುಬೀಳಿನ ಬಗ್ಗೆ ಯೋಚಿಸಬೇಕಾಗಿದ್ದ ನಾವು ಹಿಂದಿನ ರಾತ್ರಿಯ ಬೌಲಿಂಗಿನ ಬಗ್ಗೆ ಯೋಚಿಸಿದೆವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ.

ಚಿತ್ತಾಪುರದಲ್ಲಿ 21ನೆಯ ತಾರೀಖು, ರವಿವಾರ. ಕೊಲ್ಕತ್ತದಲ್ಲಿ ಕೊನೆಯ ಓವರಿನಲ್ಲಿ 21 ರನ್ನು ಬೇಕಿತ್ತು. ಕರಣ್ ಶರ್ಮಾ ಮೂರು ಸಿಕ್ಸರ್ ಎತ್ತಿದರು. ಸೋತದ್ದು ಒಂದೇ ಒಂದು ರನ್ನಿನಿಂದ. ನಮಗೆ ಆಶ್ರಯವಿತ್ತ ಮನೆಯ ಹಿರಿಯ ತಾಯಿಯವರು, "ಇನ್ನೊಂದ್ ರನ್ ಯಾಕ ಹೊಡೀಲಿಲ್ರೀ ಇವ್ರು?" ಎಂದು ನಮ್ಮನ್ನೇ ಕೇಳಿದರು, ಉತ್ತರ ಯಾವುದೋ ಗ್ರಂಥದಲ್ಲಿ ಇರಬಹುದೆಂಬಂತೆ. ಎಂಟು ಪಂದ್ಯಗಳಲ್ಲಿ ಏಳು ಸೋಲಾಗಿತ್ತು.

ವಾಡಿಯೆಂದರೆ ಹಳಿಗಳ ಊರು. ನಿಜಾಮರ ಹಣದಲ್ಲಿ 1874ರಲ್ಲಿ ಸಿಕಂದರಾಬಾದಿನ ದಾರಿ ಇಲ್ಲಿಂದ ಕವಲೊಡೆಯಿತು. ಅಂದಿನಿಂದ ಇಲ್ಲಿ ಇಳಿದವರೆಲ್ಲ ಯಾವುದೋ ಇನ್ನೊಂದು ಗಾಡಿಗೆ ಕಾಯುವವರೇ. ನಮ್ಮ ಸಹಪಾಠಿಯೊಬ್ಬರು ರೈಲ್ವೆಯಿಂದ ನಿವೃತ್ತರಾಗಿ ಇಲ್ಲಿಯೇ ನೆಲೆಸಿದ್ದಾರೆ. ಅವರು ಹೈದರಾಬಾದಿನ ಪಕ್ಷ. 25ರಂದು ಹೈದರಾಬಾದಿನಲ್ಲಿಯೇ ಪಂದ್ಯ. "ಸೋತವರು ಚಹಾ ಕುಡಿಸಬೇಕು" ಎಂದರು, ಆಗಲಿ ಎಂದೆವು.

ಆ ಪಂದ್ಯದಲ್ಲಿ ಒಂದು ತಮಾಷೆಯಿತ್ತು. ಹೈದರಾಬಾದಿನ ಪರವಾಗಿ ಕೊನೆಯವರೆಗೆ ಸೆಣಸಿದ ಶಹಬಾಜ್ ಅಹ್ಮದ್ ಹಿಂದಿನ ವರ್ಷ ನಮ್ಮವರಾಗಿದ್ದವರು. 2023ರ ನವೆಂಬರಿನಲ್ಲಿ ಅವರನ್ನು ಕೊಟ್ಟು ಮಯಾಂಕ್ ಡಾಗರ್ ಅವರನ್ನು ತಂದಿದ್ದರು. ಮುಂಬಯಿಯಿಂದ 17.5 ಕೋಟಿಗೆ ಬಂದ ಕ್ಯಾಮರಾನ್ ಗ್ರೀನ್ ನಮ್ಮ ಪರ ಆಡಿದರು. ಈ ಅದಲುಬದಲು ಹೊಸದೇನಲ್ಲ. 2009ರಲ್ಲಿಯೇ ಜಹೀರ್ ಖಾನರನ್ನು ಮುಂಬಯಿಗೆ ಕೊಟ್ಟು ರಾಬಿನ್ ಉತ್ತಪ್ಪರನ್ನು ಪಡೆದಿದ್ದರು. ಕೆ. ಎಲ್. ರಾಹುಲ್ ಇಲ್ಲಿಂದ ಹೈದರಾಬಾದಿಗೆ ಹೋಗಿ, 2016ರಲ್ಲಿ ಮರಳಿ, 2018ರ ಹರಾಜಿನಲ್ಲಿ ಪಂಜಾಬಿನ ಪಾಲಾದರು. ನಮ್ಮ ಜಾತ್ರೆಗಳಲ್ಲಿ ಎತ್ತಿನ ದಲ್ಲಾಳಿಗಳು ವಲ್ಲಿಯ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ; ಎತ್ತಿನ ಎದುರಿಗೆ ಅದರ ಬೆಲೆ ಆಡಬಾರದೆಂಬ ನಾಚಿಕೆಯಾದರೂ ಅಲ್ಲಿದೆ. ಇಲ್ಲಿ ಮನುಷ್ಯರ ಬೆಲೆಯನ್ನು ಲೋಕಕ್ಕೆಲ್ಲ ಕೂಗಿ ಹೇಳುತ್ತಾರೆ. ಇದು ನಮಗೆ ಸೇರದು. ಆದರೂ 35 ರನ್ನುಗಳಿಂದ ಗೆದ್ದಾಗ ಆ ಚಹಾ ಬಹಳ ಸಿಹಿಯಾಗಿತ್ತು.

ಮುಂದೆ ತಂಡ ಸೋಲಲೇ ಇಲ್ಲ. ಮೇ 9ರಂದು ಪಂಜಾಬಿನ ವಿರುದ್ಧ ಗೆದ್ದದ್ದು ಸತತ ನಾಲ್ಕನೆಯ ಗೆಲುವು. 10ರಂದು ಜಯಂತಿ. 11ರಂದು ಶಹಾಬಾದಿಗೆ ನಮ್ಮ ಅಕ್ಕನ ಮಗಳ ಮನೆಗೆ ಹೋದೆವು. ಹೆಸರುವಾಸಿಯಾದ ಫರಸಿ ಕಲ್ಲಿನ ಊರು. ಅಂಗಳ, ಕಟ್ಟೆ, ಮಾಡು ಎಲ್ಲವೂ ಕಲ್ಲೇ. ಆಕೆಯ ಮಗ ಪಾಲಿಶ್ ಯಂತ್ರದ ಕೆಲಸದವನು. ನೀರು ಕೊಟ್ಟು ಕುಳಿತ ಆಕೆಯ ಕೊರಳು ಬೋಳಾಗಿತ್ತು. ತವರಿನ ಬೋರಮಾಳ ಇರಲಿಲ್ಲ. ಹುಡುಗ ಮೊಬೈಲಿನಲ್ಲಿ ಪಂದ್ಯಗಳ ಮೇಲೆ ಹಣ ಹಚ್ಚಿದ್ದ. ಬೇರೆ ತಂಡದ ಮೇಲೆ ಹಚ್ಚುವುದು ದ್ರೋಹವೆಂದು ಬಗೆದು, ಆರೂ ಸೋಲುಗಳಲ್ಲಿ ಬೆಂಗಳೂರಿನ ಮೇಲೆಯೇ ಹಚ್ಚಿದ್ದ! ಸಾಲಗಾರರು ಬಾಗಿಲಿಗೆ ಬಂದಾಗ ತಾಯಿ ಸರವನ್ನು ಒತ್ತೆಯಿಟ್ಟಿದ್ದಳು.

"ಮಾಮಾ, ನೀವು ನಾಕ್ ಮಂದಿಗೆ ಹೇಳೋರು. ಇವನಿಗೂ ಹೇಳ್ರಿ" ಎಂದಳು. ಕಾಯಕದ ಬೆವರಿನ ಬಗ್ಗೆ ಹಿಂದಿನ ದಿನವಷ್ಟೇ ಒಂದು ತಾಸು ಮಾತನಾಡಿದ್ದೆವು, ಅದನ್ನೇ ಆರಂಭಿಸಿದೆವು. ಹುಡುಗ ತಲೆತಗ್ಗಿಸಿ ಕೇಳಿ, ನಡುವೆ ತಲೆಯೆತ್ತಿದ. "ಮುತ್ಯಾ, ನೀವು ಎಂದೂ ಏನೂ ಹಚ್ಚಿಲ್ಲೇನ್ರಿ?"

ವಾಡಿಯ ಚಹಾ ನೆನಪಾಯಿತು. ಇಲ್ಲವೆನ್ನಲು ನಾಲಗೆ ಏಳಲಿಲ್ಲ, ಹೇಳಿಬಿಟ್ಟೆವು. ಅವನು ನಕ್ಕ. ತಾಯಿ ನಗಲಿಲ್ಲ. ಆ ಮೇಲೆ ಉಪನ್ಯಾಸ ಮುಂದುವರಿಯಲಿಲ್ಲ. ಮೊಬೈಲಿನಿಂದ ಆ ಆಟವನ್ನು ಅಳಿಸಿ, ಅದನ್ನು ತಾಯಿಗೆ ತೋರಿಸಿದ. ಇನ್ನು ಮುಂದೆ ನಾವೂ ಚಹಾ ಕಟ್ಟುವುದಿಲ್ಲವೆಂದು ಮಾತು ಕೊಟ್ಟೆವು.

ಚಿಂಚೋಳಿಗೆ ರೈಲಿಲ್ಲ. ಬಸ್ಸಿನಲ್ಲಿ ಹೋಗಬೇಕು, ಕಪ್ಪು ಎರೆಯ ತೊಗರಿ ಹೊಲಗಳು ಹಿಂದಾಗಿ ಕೆಂಪು ಮಣ್ಣು, ಕುರುಚಲು ಗುಡ್ಡ, ಕಾಡು ಬರುತ್ತವೆ. ಮೇ 18ರಂದು ಚೆನ್ನೈ ವಿರುದ್ಧ ಬರೀ ಗೆದ್ದರೆ ಸಾಲದು, 18 ರನ್ನುಗಳ ಅಂತರವಾದರೂ ಬೇಕು. ವಾಡಿಯ ಗೆಳೆಯರು ಫೋನಿನಲ್ಲಿ "ಚಹಾ?" ಎಂದರು. ಒಲ್ಲೆವೆಂದೆವು. ಅವರಿಗೆ ಬೇಸರವಾಯಿತೇನೋ. ಕೊನೆಯ ಓವರ್ ಯಶ್ ದಯಾಳ್ ಅವರಿಗೆ ಬಂತು. 2023ರಲ್ಲಿ ಗುಜರಾತಿನ ಪರ ಆಡುವಾಗ ಒಂದೇ ಓವರಿನಲ್ಲಿ ಐದು ಸಿಕ್ಸರ್ ಹೊಡೆಸಿಕೊಂಡು, ಆ ತಂಡದಿಂದ ಹೊರಬಿದ್ದವರು. ಧೋನಿಯವರು ಮೊದಲ ಚೆಂಡನ್ನೇ ಸಿಕ್ಸರ್‌ಗೆ ಎತ್ತಿದರು, ಎರಡನೆಯದಕ್ಕೆ ಔಟಾದರು. 27 ರನ್ನುಗಳ ಗೆಲುವು. ನಾಲ್ಕು ದಿನಗಳ ಬಳಿಕ ರಾಜಸ್ಥಾನದ ವಿರುದ್ಧ ಸೋತು ಹೊರನಡೆದರು ಎಂಬುದನ್ನೂ ಬರೆಯಬೇಕಷ್ಟೆ.

2025ರ ಜೂನ್ 3ರ ರಾತ್ರಿ ಅಹ್ಮದಾಬಾದಿನಲ್ಲಿ ಪಂಜಾಬಿನ ಮೇಲೆ 6 ರನ್ನುಗಳಿಂದ ಗೆದ್ದು ತಂಡವು ಕೊನೆಗೂ ಪ್ರಶಸ್ತಿ ಎತ್ತಿತು. 2009ರಲ್ಲಿ ಸೋತದ್ದೂ ಅಷ್ಟೇ ರನ್ನುಗಳಿಂದ. ಶಹಾಬಾದಿನಿಂದ ಫೋನು ಬಂತು. "ಮುತ್ಯಾ, ಗೆದ್ರು!" ಎಂದವನ ದನಿ ಕಟ್ಟಿತ್ತು. ಮರುದಿನ ಬೆಂಗಳೂರಿನ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಅವರಲ್ಲಿ ಬಹುಪಾಲು ಎಳೆಯರೇ. ಅಂದು ಸಂಜೆ ನಾವೇ ಶಹಾಬಾದಿಗೆ ಫೋನು ಮಾಡಿ, ಹುಡುಗ ಮನೆಯಲ್ಲಿದ್ದಾನೆಯೇ ಎಂದು ಕೇಳಿದೆವು. ಕಲ್ಲಿನ ಕೆಲಸಕ್ಕೆ ಹೋಗಿದ್ದಾನೆ ಎಂದಳು ತಾಯಿ.

ಆಗಸ್ಟಿನಲ್ಲಿ ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ದೀಪಾವಳಿಗೆ ಶಹಾಬಾದಿಗೆ ಹೋದಾಗ ಅಕ್ಕನ ಮಗಳ ಕೊರಳಲ್ಲಿ ಬೋರಮಾಳವಿತ್ತು. ಎರಡು ಗುಂಡು ಕಡಿಮೆಯೆಂದು ಆಕೆಯೇ ಎಣಿಸಿ ತೋರಿಸಿದಳು.